ಚೌಕಾಶಿ ಮಾಡದ ಕಂಪೆನಿ

ಬ್ಲಾಗ್ ಕಡೆ ತಲೆ ಹಾಕದೆ ನಾಲ್ಕು ತಿಂಗಳಾಯ್ತು. ಯಾಕೆ ಅಂತ ಕೇಳಬೇಡಿ. ಅರ್ಧ ಸೋಮಾರಿತನ. ಇನ್ನರ್ಧ, ಇದನ್ನು ಬರೆಯಲೋ ಬೇಡವೋ ಎಂಬ ಅನುಮಾನ. ಮೂರು ಸಲ ಟೈಪ್ ಮಾಡಿ ಮೂರು ಸಲವೂ ಅಳಿಸಿದ್ದೇನೆ. ಇವತ್ತು ಹೊರಗೆ ಧೋ ಅಂತ ಮಳೆ, ಕರೆಂಟು ಈಗಷ್ಟೇ ಬಂದಿದೆ. ಮತ್ತೆ ಹೋಗುವುದರೊಳಗೆ ಬರೆದು ಹಾಕಿಬಿಡ್ತೇನೆ.

ಶುರುವಾದದ್ದು ಪಕ್ಕದ ಮನೆಯ ಹುಡುಗನಿಂದ. ಬಿಸಿಎ ಮುಗಿಸಿ ಎರಡು ವರ್ಷ ಆಯ್ತು, ಸದ್ಯಕ್ಕೆ ಪಡುಬಿದ್ರಿಯ ಒಂದು ಮೊಬೈಲ್ ಅಂಗಡಿಯಲ್ಲಿ ಕೂತುಕೊಳ್ತಿದ್ದ. ಒಂದು ರಾತ್ರಿ ಎಂಟೂವರೆಗೆ ಕಂಪೌಂಡ್ ಹಾರಿಕೊಂಡು ಬಂದ. (ಗೇಟು ಉಂಟು. ಆದ್ರೆ ಅವನು ಸಣ್ಣವನಿರುವಾಗಿನಿಂದ ಹಾರಿಯೇ ಬರುವುದು.) "ಅಣ್ಣಾ, ಇದು ಸರಿ ಉಂಟಾ ಒಮ್ಮೆ ನೋಡಿ" ಅಂತ ಮೊಬೈಲ್ ಕೈಗೆ ಕೊಟ್ಟ. ನಮ್ಮ ಮಾತೆಲ್ಲ ತುಳುವಿನಲ್ಲಿ, ಇಲ್ಲಿ ಕನ್ನಡ ಮಾಡಿ ಬರೀತಿದ್ದೇನೆ.

ವಾಟ್ಸಾಪಿನಲ್ಲಿ ಯಾರೋ ಯಾರಿಗೋ ಕಳಿಸಿ ಇವನವರೆಗೆ ಬಂದ ಜಾಹೀರಾತು. ಥೈಲ್ಯಾಂಡಿನಲ್ಲಿ ಐಟಿ ಕಂಪೆನಿ, ಒಂದು ವರ್ಷದ ಕಾಂಟ್ರಾಕ್ಟು. ಹುದ್ದೆಯ ಹೆಸರು ಡಿಜಿಟಲ್ ಸೇಲ್ಸ್ ಆಂಡ್ ಮಾರ್ಕೆಟಿಂಗ್ ಎಕ್ಸಿಕ್ಯೂಟಿವ್. ಅನುಭವ ಬೇಡ, ಇಂಗ್ಲಿಷ್ ಟೈಪಿಂಗ್ ಬಂದರೆ ಸಾಕು. ಸಂಬಳ ತಿಂಗಳಿಗೆ ಲಕ್ಷದ ಮೇಲೆ, ಊಟ ವಸತಿ ಫ್ರೀ, ವಿಮಾನದ ಟಿಕೆಟೂ ಅವರದ್ದೇ. ಏಜೆಂಟನ ಫೀಸು ಎಂಬತ್ತು ಸಾವಿರ ಮಾತ್ರ ನಮ್ಮದು.

"ಅಮ್ಮ ಬಳೆ ಸೊಸೈಟಿಯಲ್ಲಿ ಇಡ್ತೇನೆ ಅಂತ ಹೇಳಿದ್ದಾರೆ. ನೀವು ಸರಿ ಉಂಟು ಅಂದ್ರೆ ನಾಳೆಯೇ ಹೋಗುವುದು" ಅಂದ.

ಅವನು ನನ್ನ ಹತ್ತಿರ ಬಂದದ್ದಕ್ಕೆ ಕಾರಣ ಉಂಟು. ನಾನು ಹದಿಮೂರು ವರ್ಷ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿದವ. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ, ಅದಕ್ಕೇ ಸಂಬಳ. ಊರವರ ಲೆಕ್ಕದಲ್ಲಿ ಕಂಪ್ಯೂಟರಿನ ಯಾವ ಮೋಸವೂ ನನ್ನ ಕಣ್ಣು ತಪ್ಪಿಸಿ ಹೋಗುವಂತಿಲ್ಲ.

ಆ ಹೊತ್ತಿಗೆ ನಾನು ಏನೂ ಹೇಳಲಿಲ್ಲ. ಹೇಳಬೇಕಾದರೆ ಬೇರೆ ಒಂದು ಸಂಗತಿಯನ್ನೂ ಹೇಳಬೇಕಿತ್ತು, ಅದನ್ನು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಇಲ್ಲಿ ನಿಮಗೂ ಹೇಳಿಲ್ಲ. ಈಗ ಹೇಳ್ತೇನೆ.

2023ರಲ್ಲಿ ನನ್ನ ಕಾಂಟ್ರಾಕ್ಟು ಮುಗಿಯಿತು, ಮುಂದುವರಿಸಲಿಲ್ಲ. ಅದೇ ಸಮಯಕ್ಕೆ ಅಮ್ಮನ ಮಂಡಿಯ ಆಪರೇಶನ್. ಬೆಂಗಳೂರಿನ ಬಾಡಿಗೆ ಮನೆ ಬಿಟ್ಟು ಊರಿಗೆ ಬಂದೆ. ನಮ್ಮ ಊರು ಗೊತ್ತಿಲ್ಲದವರಿಗೆ - ಮಂಗಳೂರಿನಿಂದ ಬರುವಾಗ ಮೂಲ್ಕಿ ದಾಟಿ ಶಾಂಭವಿಯ ಸೇತುವೆ ಇಳಿದ ಕೂಡಲೇ ಉಡುಪಿ ಜಿಲ್ಲೆ ಶುರುವಾಗ್ತದಲ್ಲ, ಅದೇ ಹೆಜಮಾಡಿ. ಹೆಚ್ಚಿನವರಿಗೆ ನಮ್ಮ ಊರು ಅಂದ್ರೆ ಟೋಲ್‌ಗೇಟು, ಅಷ್ಟೇ. ಟೋಲ್‌ಗೇಟಿನಿಂದ ಕೋಡಿಯ ಕಡೆ ಹೋದರೆ ಒಂದು ಬದಿ ಹೊಳೆ, ಇನ್ನೊಂದು ಬದಿ ಸಮುದ್ರ, ನಡುವೆ ತೆಂಗಿನ ತೋಟಗಳು. ಅಲ್ಲಿ ಕೂತು ಅಮೆರಿಕದ ಬ್ಯಾಂಕಿನ ಸಾಫ್ಟ್‌ವೇರ್ ಟೆಸ್ಟ್ ಮಾಡುವುದು ಕೊರೋನಾ ಬಂದ ಮೇಲೆ ವಿಚಿತ್ರವಾಗಿ ಉಳಿದಿಲ್ಲ. ಮನೆಯಿಂದಲೇ ಮಾಡುವ ಆರು ತಿಂಗಳ ಕೆಲಸ ಸಿಕ್ಕಿದರೆ ಸಾಕು ಅಂತ ಹುಡುಕಲು ಕೂತೆ.

ಐಟಿಯವರಲ್ಲದ ಓದುಗರಿಗೆ ಈ ಕಾಂಟ್ರಾಕ್ಟ್ ವ್ಯವಹಾರ ಸ್ವಲ್ಪ ಹೇಳಬೇಕು. ದೊಡ್ಡ ಕಂಪೆನಿಗೆ ಆರು ತಿಂಗಳ ಮಟ್ಟಿಗೆ ನಾಲ್ಕು ಜನ ಬೇಕಾಗ್ತದೆ. ಅವರು ನೇರವಾಗಿ ತೆಗೆದುಕೊಳ್ಳುವುದಿಲ್ಲ, ಒಬ್ಬ ವೆಂಡರಿಗೆ ಹೇಳ್ತಾರೆ. ಆ ವೆಂಡರ್ ತನಗೆ ಸಿಗದಿದ್ದರೆ ಇನ್ನೊಬ್ಬ ಸಣ್ಣ ವೆಂಡರಿಗೆ, ಅವನು ಮತ್ತೊಬ್ಬನಿಗೆ. ಕೊನೆಗೆ ನಮಗೆ ಫೋನ್ ಮಾಡುವ ಹುಡುಗಿಗೆ ಕೆಲಸ ಯಾವ ಕಂಪೆನಿಯದ್ದು ಅಂತ ಗೊತ್ತಿರುವುದಿಲ್ಲ, ಗೊತ್ತಿದ್ದರೂ ಹೇಳುವ ಹಾಗಿಲ್ಲ. ಸಂಬಳ ಕೊಡುವುದು ಒಬ್ಬ, ಕೆಲಸ ಮಾಡಿಸುವುದು ಒಬ್ಬ, ಇಂಟರ್‌ವ್ಯೂ ಮಾಡುವುದು ಇನ್ನೊಬ್ಬ. ಯಾರ ಮುಖವನ್ನೂ ನೋಡದೆ ಲ್ಯಾಪ್‌ಟಾಪ್ ಕೊರಿಯರಿನಲ್ಲಿ ಬರ್ತದೆ.

ಇದೆಲ್ಲ ನಿಜವಾದ ಕೆಲಸದ ಲಕ್ಷಣಗಳು, ಗಮನಿಸಿ! ಹೆಸರು ಕೇಳದ ಕಂಪೆನಿ, ಗುಟ್ಟಾಗಿಟ್ಟ ಕ್ಲೈಂಟು, ಮುಖ ಕಾಣದ ಮಾಲೀಕ. ಕಾಯಂ ಕೆಲಸದ ಜಾಹೀರಾತಿನಲ್ಲಿ ಇದನ್ನು ಕಂಡರೆ ಯಾರೂ ಅನುಮಾನ ಪಡ್ತಾರೆ. ಕಾಂಟ್ರಾಕ್ಟಿನಲ್ಲಿ ಅದೇ ಮಾಮೂಲು. ಹಾಗಾಗಿ ಕಳ್ಳನಿಗೆ ವೇಷ ಹಾಕುವ ಕಷ್ಟವೇ ಇಲ್ಲ.

ಏಳು ತಿಂಗಳು ಕೆಲಸ ಸಿಗಲಿಲ್ಲ. ಮೊದಲ ಎರಡು ತಿಂಗಳು ನಾನೇ ಆಯ್ಕೆ ಮಾಡ್ತಿದ್ದೆ, ಇದು ಬೇಡ, ಅದು ಬೇಡ ಅಂತ. ಐದನೆಯ ತಿಂಗಳಿಗೆ ಬಂದದ್ದಕ್ಕೆಲ್ಲ ರೆಸ್ಯೂಮ್ ಕಳಿಸಲು ಶುರು ಮಾಡಿದೆ. ಮನೆಯ ಮಾಡು ರಿಪೇರಿಗೆ ಬಂದಿತ್ತು, ಅಮ್ಮ ದಿನಾ "ಕೆಲಸ ಎಂತ ಆಯ್ತು?" ಅಂತ ಕೇಳುವುದನ್ನು ನಿಲ್ಲಿಸಿದ್ದರು. ಕೇಳುವುದಕ್ಕಿಂತ ಕೇಳದಿರುವುದು ಹೆಚ್ಚು ಚುಚ್ಚುತ್ತದೆ ಮಾರಾಯ್ರೆ.

ಆಗ ಬಂತು ಒಂದು ಮೆಯಿಲ್. ಹೆಸರಿರುವ ಕಂಪೆನಿ. ಆಟೋಮೇಶನ್ ಟೆಸ್ಟಿಂಗ್, ಆರು ತಿಂಗಳು, ಮನೆಯಿಂದಲೇ, ಮುಂದುವರಿಯುವ ಸಾಧ್ಯತೆ ಉಂಟು. ತಿಂಗಳಿಗೆ 1,60,000. ನಾನು ಹಿಂದೆ ತೆಗೆದುಕೊಳ್ಳುತ್ತಿದ್ದದ್ದು 1,20,000. ಮೆಯಿಲ್ ವಿಳಾಸದಲ್ಲಿ ಕಂಪೆನಿಯ ಹೆಸರು ಸರಿಯಾಗಿಯೇ ಇತ್ತು, ಹೆಸರಿನ ಪಕ್ಕ ಒಂದು ಸಣ್ಣ ಗೀಟು, ಗೀಟಿನ ಆಚೆ ಕೆರಿಯರ್ಸ್ ಅಂತ. ಇಂಟರ್‌ವ್ಯೂ ಟೆಲಿಗ್ರಾಮಿನಲ್ಲಿ, ಅದೂ ಟೈಪ್ ಮಾಡಿ. ಹನ್ನೊಂದು ಪ್ರಶ್ನೆ, ಎಲ್ಲ ನನಗೆ ನೀರು ಕುಡಿದಷ್ಟು ಸುಲಭ. ಎಷ್ಟು ಬೇಕು ಅಂತ ಕೇಳಿದರು. ಇರಲಿ ಅಂತ 1,75,000 ಅಂದೆ. "ಓಕೆ ಸರ್, ಅಪ್ರೂವ್ಡ್" ಅಂತ ಬಂತು. ನಲವತ್ತು ನಿಮಿಷದಲ್ಲಿ ಎಲ್ಲ ಮುಗಿದು ಆಫರ್ ಲೆಟರ್ ಕೈಯಲ್ಲಿತ್ತು. ಸೋಮವಾರದಿಂದ ಕೆಲಸ.

ಅಮ್ಮನಿಗೆ ಹೇಳಿದೆ. ಅವರು ದೇವರಿಗೆ ದೀಪ ಇಟ್ಟರು.

ಮರುದಿನ ಇನ್ನೊಂದು ಮೆಯಿಲ್. ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಶುಲ್ಕ 8,000, ಅದರ ಮೇಲೆ ಶೇಕಡಾ 18 ಜಿಎಸ್‌ಟಿ 1,440, ಒಟ್ಟು 9,440 ರೂಪಾಯಿ. ಮೊದಲ ಸಂಬಳದ ಜೊತೆ ವಾಪಸು. ನನ್ನನ್ನು ನಂಬಿಸಿದ್ದು ಆ ಜಿಎಸ್‌ಟಿ ನೋಡಿ! ಕಳ್ಳ ಯಾರಾದ್ರೂ ತೆರಿಗೆ ಲೆಕ್ಕ ಹಾಕ್ತಾನಾ? ಯುಪಿಐಯಲ್ಲಿ ಹಣ ಹಾಕುವಾಗ ಪರದೆಯ ಮೇಲೆ ಕಂಪೆನಿಯ ಹೆಸರು ಬರಲಿಲ್ಲ, ಯಾವುದೋ ಒಬ್ಬ ಮನುಷ್ಯನ ಹೆಸರು ಬಂತು. ನೋಡಿದೆ. ನೋಡಲಿಲ್ಲ ಅಂತ ಸುಳ್ಳು ಹೇಳುವುದಿಲ್ಲ. ಅವರ ಅಕೌಂಟೆಂಟ್ ಇರಬೇಕು ಅಂತ ನಾನೇ ನನಗೆ ಸಮಾಧಾನ ಹೇಳಿಕೊಂಡು ಪಿನ್ ಒತ್ತಿದೆ.

ಹದಿಮೂರು ವರ್ಷ ತಪ್ಪು ಹುಡುಕಿದವ. ಕಣ್ಣೆದುರು ನಿಂತ ತಪ್ಪಿಗೆ ಕಾರಣವನ್ನೂ ನಾನೇ ಹುಡುಕಿ ಕೊಟ್ಟೆ.

ಎರಡು ದಿನ ಬಿಟ್ಟು ಲ್ಯಾಪ್‌ಟಾಪಿನ ಡಿಪಾಸಿಟ್ ಕೇಳಿದರು, 24,800. ಅದನ್ನೂ ಹಾಕುತ್ತಿದ್ದೆನೋ ಏನೋ. ಬೆಳಿಗ್ಗೆ ಮೊಬೈಲ್ ಹಿಡಿದುಕೊಂಡು ಜಗಲಿಯಲ್ಲಿ ಕೂತಿದ್ದೆ. ಗೇಟಿನ ಹತ್ತಿರ ಅಮ್ಮ ಮೀನಿಗೆ ನಿಂತಿದ್ದರು. ನಮಗೆ ಯಾವಾಗಲೂ ಕೊಡುವ ಅಕ್ಕ ಅವತ್ತು ಬಂದಿರಲಿಲ್ಲ, ಬೈಕಿನ ಹಿಂದೆ ಐಸಿನ ಪೆಟ್ಟಿಗೆ ಕಟ್ಟಿಕೊಂಡು ಯಾರೋ ಹೊಸಬ ಬಂದಿದ್ದ. ಅವನು ಬಂಗುಡೆಗೆ ಒಂದು ರೇಟು ಹೇಳಿದ. ಅಮ್ಮ ಸುಮ್ಮನೆ ಅದರ ಅರ್ಧಕ್ಕೆ ಕೇಳಿದರು. ಅವನು "ಆಯ್ತು ತಕ್ಕೊಳ್ಳಿ" ಅಂದುಬಿಟ್ಟ. ಅಮ್ಮ ಬೇಡ ಅಂತ ಒಳಗೆ ಬಂದರು.

"ಯಾಕಮ್ಮ, ನೀವು ಕೇಳಿದ ರೇಟಿಗೇ ಕೊಟ್ಟನಲ್ಲ?"

"ಒಂದು ಮಾತು ಹೆಚ್ಚು ಕಡಿಮೆ ಮಾಡದೆ ಕೊಡ್ತಾನಾದ್ರೆ ಅದು ನಿನ್ನೆಯ ಮೀನಲ್ಲ, ಮೊನ್ನೆಯದ್ದು."

ನಾನು ಮೊಬೈಲ್ ಕೆಳಗಿಟ್ಟೆ.

ಹದಿಮೂರು ವರ್ಷದಲ್ಲಿ ನನಗೆ ಫೋನ್ ಮಾಡಿದ ಯಾವ ರಿಕ್ರೂಟರೂ ನಾನು ಕೇಳಿದ್ದಕ್ಕೆ ಹೂಂ ಅಂದದ್ದಿಲ್ಲ. "ಸರ್, ಬಜೆಟ್ ಇಲ್ಲ." "ಸರ್, ಹಿಂದಿನ ಸಂಬಳದ ಸ್ಲಿಪ್ ಕಳಿಸಿ, ಅದರ ಮೇಲೆ ನೋಡುವ." "ಸರ್, ಇನ್ನು ಹತ್ತು ಸಾವಿರ ಇಳಿಸಿದ್ರೆ ಇವತ್ತೇ ಮಾತಾಡ್ತೇನೆ." ನಿಜವಾದ ಕಾಂಟ್ರಾಕ್ಟು ಅಂದ್ರೆ ಇದು. ಮೂರು ರೌಂಡು ಇಂಟರ್‌ವ್ಯೂ, ಅದರಲ್ಲಿ ಎರಡನ್ನು ಅವರೇ ಮುಂದೂಡ್ತಾರೆ, ಒಂದಕ್ಕೆ ಬರಲು ಮರೀತಾರೆ. ಕ್ಲೈಂಟು ನಮ್ಮನ್ನು ನೋಡಿ ಮೂಗು ಮುರೀತಾನೆ. ತಿಂಗಳಿಗೆ ಇಷ್ಟು ದುಡ್ಡು ತನ್ನ ಕಿಸೆಯಿಂದ ಹೋಗ್ತದೆ ಅಂತ ಗೊತ್ತಿರುವವ ಹಾಗೆಯೇ ಮಾಡುವುದು. ಕೊಡುವ ಉದ್ದೇಶವೇ ಇಲ್ಲದವನಿಗೆ 1,75,000 ಆದ್ರೇನು, 3 ಲಕ್ಷ ಆದ್ರೇನು?

ಅವತ್ತು ರಾತ್ರಿ ಕೂತು, ಮೊದಲೇ ಮಾಡಬೇಕಾಗಿದ್ದ ಕೆಲಸ ಮಾಡಿದೆ. ಆ ಗೀಟಿನ ವಿಳಾಸ ಯಾವಾಗ ನೋಂದಣಿಯಾಗಿದೆ ಅಂತ ನೋಡಿದೆ. (ಯಾವ ಡೊಮೈನ್ ಹೆಸರನ್ನು ಯಾವ ದಿನ ತೆಗೆದುಕೊಂಡಿದ್ದಾರೆ ಅಂತ ಹೂಈಸ್ ಹುಡುಕಾಟದಲ್ಲಿ ಪುಕ್ಕಟೆ ಸಿಗ್ತದೆ.) ಹತ್ತೊಂಬತ್ತು ದಿನ ಆಗಿತ್ತು ಅಷ್ಟೇ. ಕಂಪೆನಿಯ ಅಸಲಿ ವೆಬ್‌ಸೈಟಿಗೆ ಹೋದರೆ, ನಮ್ಮ ಹೆಸರಿನಲ್ಲಿ ಕೆಲಸದ ಆಸೆ ತೋರಿಸಿ ಹಣ ಕೇಳುವವರಿದ್ದಾರೆ, ಎಚ್ಚರ ಅಂತ ಅಲ್ಲೇ ಹಾಕಿದ್ದರು. ಎಲ್ಲ ದೊಡ್ಡ ಕಂಪೆನಿಗಳೂ ಹಾಕಿವೆ. ನೇಮಕಾತಿಯ ಯಾವ ಹಂತದಲ್ಲೂ ಹಣ ತೆಗೆದುಕೊಳ್ಳುವುದಿಲ್ಲ ಅಂತ ಇನ್ಫೋಸಿಸ್ ಹೇಳ್ತದೆ. ಜಿಮೇಲ್, ಯಾಹೂವಿನಂಥ ಪುಕ್ಕಟೆ ಮೆಯಿಲಿನಿಂದ ನಾವು ಆಫರ್ ಕಳಿಸುವುದಿಲ್ಲ ಅಂತ ಟಿಸಿಎಸ್ ಹೇಳ್ತದೆ. ಕೆಲಸ ಹುಡುಕುವವ ಆ ಪುಟ ತೆಗೆದು ಓದಬೇಕಲ್ಲ!

ಪೊಲೀಸಿಗೆ ಹೇಳಿದಿರಾ ಅಂತ ಕೇಳಿದರೆ, ಇಲ್ಲ. ಸೈಬರ್ ವಂಚನೆಗೆ 1930 ಸಂಖ್ಯೆ ಉಂಟು ಅಂತ ಗೊತ್ತಿತ್ತು. ಕೂಡಲೇ ಫೋನ್ ಮಾಡಿದರೆ, ಹಣ ಇನ್ನೂ ಆ ಖಾತೆಯಲ್ಲಿ ಉಳಿದಿದ್ದರೆ, ಅಲ್ಲೇ ತಡೆಹಿಡಿಯುವ ವ್ಯವಸ್ಥೆ ಅದು. ಉಡುಪಿಯಲ್ಲಿ ಇದಕ್ಕೆಂದೇ ಸೆನ್ ಠಾಣೆ ಉಂಟು. ಫೋನ್ ಮಾಡಿದರೆ ಮೊದಲು ಕೇಳುವುದು ಹೆಸರು, ಆಮೇಲೆ ಉದ್ಯೋಗ. ಸಾಫ್ಟ್‌ವೇರ್ ಇಂಜಿನಿಯರ್ ಅಂತ ಹೇಳಲು ನಾಚಿಕೆಯಾಯ್ತು. 9,440 ರೂಪಾಯಿಗೆ ನಾಚಿಕೆ ಉಳಿಸಿಕೊಂಡೆ ಅಂತ ಲೆಕ್ಕ. ಅಮ್ಮನಿಗೆ ಪ್ರಾಜೆಕ್ಟು ಕ್ಯಾನ್ಸಲ್ ಆಯ್ತು ಅಂತ ಹೇಳಿದೆ. ಅವರು ಏನೂ ಕೇಳಲಿಲ್ಲ.

ಆಮೇಲೆ ಎರಡು ತಿಂಗಳು ಬಿಟ್ಟು ನಿಜವಾದ ಕೆಲಸ ಸಿಕ್ಕಿತು, 1,05,000ಕ್ಕೆ, ಎಳೆದಾಡಿ. ಆದರೆ ಆ ದಿನದಿಂದ ಜಾಹೀರಾತು ನೋಡುವುದು ನನಗೆ ಒಂದು ಚಟದ ಹಾಗೆ ಆಗಿದೆ. ಟೆಸ್ಟಿಂಗ್ ಬುದ್ಧಿ, ಬಿಡಬೇಕಲ್ಲ.

ಸ್ಪೆಲ್ಲಿಂಗ್ ತಪ್ಪಿದ್ದರೆ ನಕಲಿ ಅಂತ ಎಲ್ಲರೂ ಹೇಳ್ತಾರೆ. ನನಗೆ ಇದರಲ್ಲಿ ನಂಬಿಕೆ ಇಲ್ಲ. ನಿಜವಾದ ರಿಕ್ರೂಟರುಗಳ ಇಂಗ್ಲಿಷ್ ನೋಡಿದ್ದೀರಾ ನೀವು? :-) ದಿನಕ್ಕೆ ಇನ್ನೂರು ಮೆಯಿಲ್ ಕಳಿಸುವ ಹುಡುಗರು ಪಾಪ, ವ್ಯಾಕರಣ ನೋಡಿಕೊಂಡು ಕೂರುವುದಿಲ್ಲ. ಈಗಂತೂ ಎಐ ಬಂದ ಮೇಲೆ ಕಳ್ಳನ ಇಂಗ್ಲಿಷೇ ಶುದ್ಧ. ನನಗೆ ಮೋಸ ಮಾಡಿದವನದ್ದು ಒಂದು ಅಲ್ಪವಿರಾಮವೂ ತಪ್ಪಿರಲಿಲ್ಲ.

ನನಗೆ ಇಷ್ಟವಾದ ಪರೀಕ್ಷೆ ಸಿಐಎನ್‌ನದ್ದು. ಕಂಪೆನಿ ಕಾಯ್ದೆ ಪ್ರಕಾರ ನೋಂದಾಯಿತ ಕಂಪೆನಿಗಳು ತಮ್ಮ ಲೆಟರ್‌ಹೆಡ್ಡಿನಲ್ಲಿ 21 ಅಕ್ಷರ-ಅಂಕಿಗಳ ಒಂದು ಗುರುತು ಸಂಖ್ಯೆ ಹಾಕಬೇಕು. ಅದನ್ನು ಜಾತಕದ ಹಾಗೆ ಓದಬಹುದು. ಮೊದಲ ಅಕ್ಷರ ಶೇರು ಪೇಟೆಯಲ್ಲಿ ಇದೆಯೋ ಇಲ್ಲವೋ ಅಂತ, ಆಮೇಲೆ ಐದು ಅಂಕಿ ಯಾವ ಉದ್ಯಮ ಅಂತ, ಆಮೇಲೆ ಎರಡಕ್ಷರ ರಾಜ್ಯ, ಕರ್ನಾಟಕವಾದರೆ ಕೆಎ. ಅದರ ನಂತರದ ನಾಲ್ಕು ಅಂಕಿ ಕಂಪೆನಿ ನೋಂದಣಿಯಾದ ವರ್ಷ. ಒಮ್ಮೆ ಒಬ್ಬರು ನನಗೆ ಕಳಿಸಿದ ಪತ್ರದಲ್ಲಿ ಇಪ್ಪತ್ತೈದು ವರ್ಷಗಳ ಸೇವೆ ಅಂತ ಚಿನ್ನದ ಬಣ್ಣದಲ್ಲಿ ಬರೆದಿತ್ತು, ಕೆಳಗೆ ಸಿಐಎನ್‌ನಲ್ಲಿ 2022. ಹುಟ್ಟುವ ಮೊದಲೇ ಸೇವೆ ಶುರು ಮಾಡಿದ್ದರು! ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಆ ಸಂಖ್ಯೆ ಹಾಕಿದರೆ ಕಂಪೆನಿ ಇದೆಯೋ, ವಿಳಾಸ ಯಾವುದು ಅಂತ ಬರ್ತದೆ. ಹಾಗಂತ ಸಂಖ್ಯೆ ಸರಿ ಇದ್ದರೆ ಕೆಲಸವೂ ಸರಿ ಅಂತ ಅಲ್ಲ. ಬೇರೆಯವರ ಸಂಖ್ಯೆಯನ್ನು ಕದ್ದು ಹಾಕಲು ಎಷ್ಟು ಹೊತ್ತು ಬೇಕು? ಅದಕ್ಕೆ ಪತ್ರದಲ್ಲಿರುವ ನಂಬರಿಗೆ ಫೋನ್ ಮಾಡಿ ವಿಚಾರಿಸುವುದು ದಂಡ, ಆ ನಂಬರು ಕಳ್ಳನದ್ದೇ. ಕಂಪೆನಿಯ ಸ್ವಂತ ವೆಬ್‌ಸೈಟಿನಿಂದ ನಂಬರು ತೆಗೆದು ಕೇಳಬೇಕು.

ಹಣ ಕೇಳದ ನಕಲಿ ಜಾಹೀರಾತುಗಳೂ ಉಂಟು. ಕೆಲವು ಏಜೆನ್ಸಿಗಳು ಇಲ್ಲದ ಕೆಲಸಕ್ಕೆ ಜಾಹೀರಾತು ಹಾಕಿ ರೆಸ್ಯೂಮ್ ಗೋದಾಮು ತುಂಬಿಸಿಕೊಳ್ತವೆ, ನಾಳೆ ಕ್ಲೈಂಟು ಕೇಳಿದರೆ ನಮ್ಮ ಹತ್ತಿರ ಇಷ್ಟು ಜನ ಇದ್ದಾರೆ ಅಂತ ತೋರಿಸಲು. ಒಂದೇ ಜಾಹೀರಾತು ಆರು ತಿಂಗಳಿಂದ ತುರ್ತು ಅಂತ ಹೇಳುತ್ತಿದ್ದರೆ ಅದು ಈ ಜಾತಿ. ಇವರನ್ನು ಕಳ್ಳರು ಅನ್ನುವ ಹಾಗೂ ಇಲ್ಲ, ನಮ್ಮ ಸಮಯ ತಿನ್ನುವವರು. "ಎಷ್ಟು ಜನ ಬೇಕು? ಯಾವ ತಾರೀಕಿಗೆ ಸೇರಬೇಕು? ಪಿಎಫ್ ಕಟ್ಟುವುದು ಯಾರು?" ಅಂತ ಮೂರು ಪ್ರಶ್ನೆ ಕೇಳಿದರೆ ಫೋನ್ ತಣ್ಣಗಾಗ್ತದೆ.

ಇನ್ನೊಂದು ಜಾತಿ ನಮ್ಮ ಕಸುಬಿನವರಿಗೇ ವಿಶೇಷ. ಇಂಟರ್‌ವ್ಯೂ ಚಂದ ಮಾಡಿ, ಒಂದು ಸಣ್ಣ ಪರೀಕ್ಷೆ ಅಂತ ಪ್ರೋಗ್ರಾಮಿನ ಕಡತ ಕಳಿಸಿ, ನಿಮ್ಮ ಕಂಪ್ಯೂಟರಿನಲ್ಲಿ ಓಡಿಸಿ ತಪ್ಪು ಹುಡುಕಿ ಕೊಡಿ ಅಂತಾರೆ. ಓಡಿಸಿದ ಕೂಡಲೇ ಅದರೊಳಗೆ ಅಡಗಿದ್ದ ಕಳ್ಳ ತಂತ್ರಾಂಶ ಬ್ರೌಸರಿನಲ್ಲಿ ಉಳಿದ ಪಾಸ್‌ವರ್ಡುಗಳನ್ನು, ಕ್ರಿಪ್ಟೋ ಹಣ ಇದ್ದರೆ ಅದನ್ನೂ ಬಾಚಿಕೊಂಡು ಹೋಗ್ತದೆ. 2023ರ ನವೆಂಬರಿನಲ್ಲಿ ಪಾಲೋ ಆಲ್ಟೋ ನೆಟ್‌ವರ್ಕ್ಸ್‌ನ ಯೂನಿಟ್ 42 ತಂಡ ಇದನ್ನು ಬಯಲು ಮಾಡಿ ಕಂಟೇಜಿಯಸ್ ಇಂಟರ್‌ವ್ಯೂ ಅಂತ ಹೆಸರಿಟ್ಟಿತು, ಉತ್ತರ ಕೊರಿಯಾದ ಬೆಂಬಲ ಇರುವವರ ಕೆಲಸ ಇದು ಅಂತ ಶಂಕಿಸಿತು. ನನಗೂ ಒಮ್ಮೆ ಅಂಥದ್ದೇ ಪರೀಕ್ಷೆ ಬಂದಿತ್ತು. ಅದು ಉತ್ತರ ಕೊರಿಯಾದ್ದೋ ಕೊಯಮತ್ತೂರಿನದ್ದೋ ಗೊತ್ತಿಲ್ಲ, ಓಡಿಸಲಿಲ್ಲ. ನಿಜವಾದ ಕೆಲಸವನ್ನೇ ಕೈ ಬಿಟ್ಟೆನೋ ಅಂತ ಈಗಲೂ ಒಮ್ಮೊಮ್ಮೆ ಅನ್ನಿಸ್ತದೆ.

ಇದೆಲ್ಲ ಕಂಪ್ಯೂಟರ್ ಬಂದ ಮೇಲಿನ ಮೋಸ ಅಂತ ಹೊಸಬರಿಗೆ ಅನ್ನಿಸಬಹುದು. ನಮ್ಮ ಕರಾವಳಿಗೆ ಇದು ಹೊಸತಲ್ಲ. ನನ್ನ ಮಾವ, ಅಮ್ಮನ ಅಣ್ಣ, 1981ರಲ್ಲಿ ಗಲ್ಫಿಗೆ ಅಂತ ಬೊಂಬಾಯಿಗೆ ಹೋದವರು. ಆ ಕಾಲದಲ್ಲಿ ಗಲ್ಫಿನ ದಾರಿ ಬೊಂಬಾಯಿಯ ಮೇಲಿಂದಲೇ. ಏಜೆಂಟನಿಗೆ ಪಾಸ್‌ಪೋರ್ಟು ಮತ್ತು ಹಣ ಕೊಟ್ಟು, ಮೆಡಿಕಲ್ ಮಾಡಿಸಿ, ಒಂದು ಲಾಡ್ಜಿನಲ್ಲಿ ಹನ್ನೆರಡು ಜನ ಒಟ್ಟಿಗೆ ಮಲಗಿ ವೀಸಾ ಕಾದರು. ಮೂರು ತಿಂಗಳಾದ ಮೇಲೆ ಏಜೆಂಟನ ಆಫೀಸಿಗೆ ಬೀಗ. ಊರಿಗೆ ಬರಲು ಮುಖ ಇಲ್ಲದೆ ಹೋಟೆಲಿನಲ್ಲಿ ಕೆಲಸಕ್ಕೆ ಸೇರಿ ಅಲ್ಲೇ ಇಪ್ಪತ್ತೆರಡು ವರ್ಷ ಉಳಿದರು. ಇಂಥವು ಅಷ್ಟು ಹೆಚ್ಚಿದ್ದ ದಿನಗಳಲ್ಲೇ 1983ರ ವಲಸೆ ಕಾಯ್ದೆ ಬಂದದ್ದು. ಅದರಿಂದಾಗಿ ವಿದೇಶಕ್ಕೆ ಜನ ಕಳಿಸುವ ಏಜೆಂಟರು ಸರಕಾರದಲ್ಲಿ ನೋಂದಣಿ ಮಾಡಿಸಿಕೊಳ್ಳಬೇಕಾಯ್ತು. ಮಾವ ಈಗಲೂ ಆ ಕಥೆ ಹೇಳುವಾಗ "ವೀಸಾ ಸ್ವಲ್ಪ ಲೇಟಾಯ್ತು, ಅಷ್ಟರಲ್ಲಿ ಹೋಟೆಲ್ ಕೆಲಸ ಸಿಕ್ಕಿತು" ಅಂತಲೇ ಹೇಳುವುದು. ಮೊದಲು ನಾನು ಒಳಗೊಳಗೇ ನಗ್ತಿದ್ದೆ. 2023ರ ಮೇಲೆ ನಕ್ಕಿಲ್ಲ.

ಈಗ ಹುಡುಗನ ವಿಷಯಕ್ಕೆ ಬರ್ತೇನೆ. ಅವನ ಮೊಬೈಲಿನಲ್ಲಿದ್ದ ಜಾಹೀರಾತು ನನ್ನದರ ಹಾಗೆ ಒಂಬತ್ತು ಸಾವಿರದಲ್ಲಿ ಮುಗಿಯುವಂಥದ್ದಲ್ಲ. 2022ರ ಸೆಪ್ಟೆಂಬರ್ 24ರಂದು ನಮ್ಮ ವಿದೇಶಾಂಗ ಸಚಿವಾಲಯ ಒಂದು ಎಚ್ಚರಿಕೆ ಹೊರಡಿಸಿತ್ತು. ಥೈಲ್ಯಾಂಡಿನಲ್ಲಿ ಕೆಲಸ ಅಂತ ಐಟಿ ಗೊತ್ತಿರುವ ಹುಡುಗರನ್ನು ಕರೆಸಿ, ಗಡಿ ದಾಟಿಸಿ ಮ್ಯಾನ್ಮಾರಿಗೆ ಒಯ್ದು ಕೂಡಿಹಾಕುತ್ತಿದ್ದಾರೆ ಅಂತ. ಅದರಲ್ಲಿ ಬರೆದ ಹುದ್ದೆಯ ಹೆಸರು ಡಿಜಿಟಲ್ ಸೇಲ್ಸ್ ಆಂಡ್ ಮಾರ್ಕೆಟಿಂಗ್ ಎಕ್ಸಿಕ್ಯೂಟಿವ್! ಇಷ್ಟು ವರ್ಷವಾದರೂ ಹೆಸರು ಬದಲಾಯಿಸುವ ಕಷ್ಟವನ್ನೂ ಅವರು ತೆಗೆದುಕೊಂಡಿಲ್ಲ.

ಅವನಿಗೆ ಭೂಪಟ ತೆಗೆದು ತೋರಿಸಿದೆ. ಥೈಲ್ಯಾಂಡಿನ ಪಶ್ಚಿಮದ ತುದಿಗೆ ಮೇ ಸೋಟ್ ಎಂಬ ಊರು. ಅದರ ಪಕ್ಕ ಮೊಯಿ ಅಂತ ಒಂದು ಹೊಳೆ. ನಾವು ಈ ದಡದಿಂದ ಮೂಲ್ಕಿ ನೋಡುವ ಹಾಗೆ ಅಲ್ಲಿಂದ ಆಚೆ ದಡ ಕಾಣ್ತದೆ, ಆದರೆ ಆಚೆ ಇರುವುದು ಮ್ಯಾನ್ಮಾರಿನ ಮ್ಯಾವಡಿ. ಆ ದಡದಲ್ಲಿ ಬೇಲಿ ಹಾಕಿದ ದೊಡ್ಡ ದೊಡ್ಡ ಕಟ್ಟಡಗಳು. ಒಳಗೆ ಕೂರಿಸಿ ಮಾಡಿಸುವ ಕೆಲಸ ಏನು ಗೊತ್ತುಂಟಾ? ನನಗೆ ಟೆಲಿಗ್ರಾಮಿನಲ್ಲಿ ಹನ್ನೊಂದು ಪ್ರಶ್ನೆ ಕೇಳಿದವನಂಥದ್ದೇ ಕೆಲಸ. ಫೋನಿನಲ್ಲಿ, ಚಾಟಿನಲ್ಲಿ ಜನರಿಗೆ ಆಸೆ ತೋರಿಸಿ ಹಣ ಸುಲಿಯುವುದು. ಮಾಡುವುದಿಲ್ಲ ಅಂದರೆ ಹೊಡೆತ, ಬಿಟ್ಟು ಹೋಗ್ತೇನೆ ಅಂದರೆ ಬಿಡುಗಡೆಗೆ ಹಣ. 2025ರ ಮಾರ್ಚ್ 10 ಮತ್ತು 11ರಂದು ವಾಯುಪಡೆಯ ವಿಮಾನಗಳಲ್ಲಿ ಮೇ ಸೋಟ್‌ನಿಂದ 549 ಜನ ಭಾರತೀಯರನ್ನು ವಾಪಸು ಕರೆತರಬೇಕಾಯ್ತು.

ನನಗೆ ಪಿನ್ ಒತ್ತಿಸಿದವನೂ ಅಂಥ ಒಂದು ಕಟ್ಟಡದಲ್ಲಿ ಕೂತವನಾಗಿದ್ದಿರಬಹುದಾ? ಇದು ನನಗೆ ಆ ರಾತ್ರಿಯೇ ಹೊಳೆದದ್ದು. ಅಲ್ಲಿಯವರೆಗೆ ಅವನನ್ನು ಮನಸ್ಸಿನಲ್ಲಿ ಬೈಯದ ದಿನ ಇರಲಿಲ್ಲ.

ಹುಡುಗ ಕೇಳಿಸಿಕೊಂಡ. ಒಪ್ಪಲಿಲ್ಲ. "ಎಲ್ಲ ಹಾಗೇ ಇರ್ತದಾ ಅಣ್ಣಾ? ಇವರು ಒಳ್ಳೆಯವರು, ವೀಡಿಯೋ ಕಾಲಿನಲ್ಲಿ ಆಫೀಸು ತೋರಿಸಿದ್ದಾರೆ" ಅಂದ. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, ನೆಲ ನೋಡಿಕೊಂಡು, "ನಿಮ್ಮದು ಹದಿಮೂರು ವರ್ಷ ಬೆಂಗಳೂರಿನಲ್ಲಿ ಆಗಿದೆ. ನಮಗೆ ಸಿಗುವಾಗ ಎಲ್ಲ ಮೋಸ."

ಅವನ ಮಾತಿನಲ್ಲಿ ಸುಳ್ಳಿಲ್ಲ. ಅಂಗಡಿಯಲ್ಲಿ ಅವನಿಗೆ ಸಿಗುವುದು ತಿಂಗಳಿಗೆ ಒಂಬತ್ತು ಸಾವಿರ. ಭೂಪಟ, ಸಚಿವಾಲಯ, ಎಚ್ಚರಿಕೆ ಎಲ್ಲ ಹೊಟ್ಟೆ ತುಂಬಿದವನ ಮಾತಿನ ಹಾಗೆ ಕೇಳಿಸ್ತದೆ. ನಾನು ಆ ಏಳನೆಯ ತಿಂಗಳಲ್ಲಿ ಯಾರಾದರೂ ಬಂದು ಹೇಳಿದ್ದರೆ ಕೇಳುತ್ತಿದ್ದೆನಾ?

ನನ್ನ ಮೊಬೈಲ್ ತೆಗೆದು, ಯುಪಿಐ ಆಪಿನಲ್ಲಿ ಹಿಂದೆ ಹಿಂದೆ ಹೋಗಿ, ಆ 9,440ರ ಪುಟ ತೆರೆದು ಅವನ ಕೈಗೆ ಕೊಟ್ಟೆ. ಅವನು ಹೆಸರು ಓದಿದ, ತಾರೀಕು ಓದಿದ.

"ಇದು ನೀವು... ನೀವೇ ಹಾಕಿದ್ದಾ?"

"ನಾನೇ."

"ನಿಮಗೆ ಗೊತ್ತಾಗ್ಲಿಲ್ವಾ?"

"ಗೊತ್ತಾಯ್ತು ಮಾರಾಯಾ. ಆದರೂ ಹಾಕಿದೆ."

ತುಂಬ ಹೊತ್ತು ಇಬ್ಬರೂ ಮಾತಾಡಲಿಲ್ಲ. ಕೊನೆಗೆ ಅವನೇ "ಈಗ ಎಂತ ಮಾಡುವ?" ಅಂದ. ಏಜೆಂಟನಿಗೆ ಅವನಿಂದಲೇ ಫೋನ್ ಮಾಡಿಸಿದೆ, ಸ್ಪೀಕರ್ ಹಾಕಿಸಿ. ನಾನು ಚೀಟಿಯಲ್ಲಿ ಬರೆದುಕೊಡುವುದು, ಅವನು ಕೇಳುವುದು. ಸರಕಾರದ ನೋಂದಣಿ ನಂಬರು ಎಷ್ಟು? (ಇಮೈಗ್ರೇಟ್ ಜಾಲತಾಣದಲ್ಲಿ ನೋಂದಾಯಿತ ಏಜೆಂಟರ ಪಟ್ಟಿ ಉಂಟು.) "ಅದೆಲ್ಲ ಆಫೀಸಿನಲ್ಲಿ ಉಂಟು, ನೀವು ಟೆನ್ಶನ್ ಮಾಡ್ಬೇಡಿ." ವೀಸಾ ಯಾವುದು? "ಟೂರಿಸ್ಟ್ ಆಗಿ ಹೋಗುವುದು, ಅಲ್ಲಿ ಹೋದ ಮೇಲೆ ಕಂಪೆನಿ ಮಾಡಿಸ್ತದೆ." ಪ್ರವಾಸಿಯಾಗಿ ಒಳಹೋದವನು ಅಲ್ಲಿ ಕೆಲಸ ಮಾಡುವ ಹಾಗಿಲ್ಲ, ಅದು ಅವನಿಗೂ ಗೊತ್ತು. ನೋಂದಾಯಿತ ಏಜೆಂಟ್ ಮೂವತ್ತು ಸಾವಿರ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ, ನಿಮ್ಮದು ಎಂಬತ್ತು ಯಾಕೆ? ಅಲ್ಲಿಯವರೆಗೆ "ನೀವು ನೀವು" ಅಂತಿದ್ದವ ದನಿ ಬದಲಿಸಿದ. "ಬೇಕಾದ್ರೆ ಬಾ, ಬೇಡಾದ್ರೆ ಬಿಡು, ಎರಡೇ ಸೀಟು ಉಳಿದದ್ದು."

ಕೊನೆಯ ಚೀಟಿಯಲ್ಲಿ ನಾನು ಬರೆದದ್ದು: ಸಂಬಳ ಎರಡು ಲಕ್ಷ ಮಾಡಿಸ್ತೀರಾ ಕೇಳು.

ಹುಡುಗ ಕೇಳಿದ. ಆಚೆಯಿಂದ ಒಂದು ಕ್ಷಣವೂ ತಡವಿಲ್ಲ. "ಮಾಡಿಸುವ. ಟೋಕನ್ ಇವತ್ತೇ ಹಾಕು."

ಹುಡುಗ ನನ್ನ ಮುಖ ನೋಡಿದ. ಅವನಿಗೆ ನಾನು ಬಂಗುಡೆಯ ಕಥೆ ಆಗಷ್ಟೇ ಹೇಳಿದ್ದೆ. ಫೋನ್ ಕಟ್ ಮಾಡಿದ.

ಬಳೆ ಸೊಸೈಟಿಗೆ ಹೋಗಲಿಲ್ಲ. ಆ ನಂಬರನ್ನು 1930ಕ್ಕೆ ಹೇಳಿದೆವು, ಈ ಸಲ ಹೆಸರು ಉದ್ಯೋಗ ಎಲ್ಲ ಸರಿಯಾಗಿ ಹೇಳಿದೆ. ಹುಡುಗ ಆಮೇಲೆ ಮಣಿಪಾಲ, ಉಡುಪಿಯ ಕಂಪೆನಿಗಳಿಗೆ ಅರ್ಜಿ ಹಾಕಲು ಶುರು ಮಾಡಿದ. ಐಟಿ ಅಂದ್ರೆ ಬೆಂಗಳೂರೇ ಅಂತ ಇಲ್ಲವಲ್ಲ, ರೋಬೋಸಾಫ್ಟ್ ನಮ್ಮ ಉಡುಪಿಯಲ್ಲಿ ಶುರುವಾದದ್ದೇ 1996ರಲ್ಲಿ. ಇವನಿಗೆ ಸಿಕ್ಕಿದ್ದು ಮಣಿಪಾಲದ ಹತ್ತಿರ ಒಂದು ಸಣ್ಣ ಕಂಪೆನಿ. ಮೂರು ಸಲ ಕರೆಸಿದರು, ಹನ್ನೆರಡು ಸಾವಿರ ಅಂದರು, ಇವನು ಹದಿನೈದು ಕೇಳಿದ, ಒಂದು ವಾರ ಸತಾಯಿಸಿ ಹದಿಮೂರಕ್ಕೆ ಬಂದರು. ಬಸ್ಸಿಗೆ ದುಡ್ಡು ಬೇರೆ ಇಲ್ಲ. "ಭಾರೀ ಜುಗ್ಗರು ಅಣ್ಣಾ" ಅಂತ ಬೇಜಾರಿನಲ್ಲಿ ಬಂದು ಹೇಳಿದ. ನನಗೆ ಮಾತ್ರ ಕೇಳಿ ಎಷ್ಟು ಸಮಾಧಾನ ಆಯ್ತು ಗೊತ್ತುಂಟಾ!

ಆದರೆ ಇವನ ಬಾಯಿಯಲ್ಲಿ ಗುಟ್ಟು ನಿಲ್ಲುವುದಿಲ್ಲ. ಅವನ ಅಮ್ಮನಿಗೆ ಹೇಳಿದ್ದಾನೆ. ಅವರು ಕಂಪೌಂಡಿನ ಆಚೆ ನಿಂತು ನಮ್ಮ ಅಮ್ಮನಿಗೆ ಹೇಳಿದ್ದಾರೆ. ನನಗೆ ಇದೊಂದೂ ಗೊತ್ತಿಲ್ಲ. ಮೊನ್ನೆ ಮಧ್ಯಾಹ್ನ ಊಟಕ್ಕೆ ಕೂತರೆ ಬಂಗುಡೆ ಪುಳಿಮುಂಚಿ. ಮಳೆಗಾಲ, ಬೋಟುಗಳೆಲ್ಲ ದಡದಲ್ಲಿ, ಬಂಗುಡೆಗೆ ಚಿನ್ನದ ರೇಟು.

"ಇಷ್ಟು ರೇಟಿರುವಾಗ ಯಾಕಮ್ಮ ತಂದದ್ದು?" ಅಂದೆ.

ಅಮ್ಮ ತಟ್ಟೆಗೆ ಇನ್ನೊಂದು ಮೀನು ಹಾಕುತ್ತಾ ಹೇಳಿದರು, "ಒಂಬತ್ತು ಸಾವಿರದ ನಾನ್ನೂರ ನಲವತ್ತಕ್ಕೆ ಎಷ್ಟು ಬರ್ತಿತ್ತೋ ಏನೋ. ಸುಮ್ಮನೆ ಊಟ ಮಾಡು."